ಸುತ್ತೋಲೆಯಲ್ಲಿಲ್ಲದ ರಜೆಗಳು

ಆರ್.ಕೆ.ಪುರಂ, ನವದೆಹಲಿ
27 ಜನವರಿ 2006

ಶ್ರೀ ಗುರುರಾಜ ಅವರಿಗೆ ನಮಸ್ಕಾರ.

ನೀವು ಜೋಧಪುರಕ್ಕೆ ವರ್ಗವಾಗಿ ಹೋಗಿ ಆರು ತಿಂಗಳಾಯಿತು. ಇದು ನನ್ನ ಮೊದಲ ಕಾಗದ. ವಿಷಯ ಆಫೀಸಿನದು. ಆದರೂ ಆಫೀಸಿನ ಈಮೇಲಿನಲ್ಲಿ ಬರೆಯುತ್ತಿಲ್ಲ. ನಮ್ಮ ಸೆಕ್ಷನ್ನಿನ ಪ್ರತಿ ಮೇಲನ್ನೂ ನಮ್ಮ ಸಾಹೇಬರು ಚಡ್ಡಾಜಿ ಈಗಲೂ ಪ್ರಿಂಟ್ ತೆಗೆಸಿ, ಡೈರಿ ನಂಬರ್ ಹಾಕಿಸಿ, ಫೈಲಿಗೆ ಸೇರಿಸುತ್ತಾರೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಹೂಂ’ ಅಂದರೆ ಅದು ಯಾವ ‘ಹೂಂ’ ಎಂದು ನನಗೆ ತಿಳಿಯುವುದಿಲ್ಲ.

ಮೊನ್ನೆ ಬುಧವಾರ ಸಂಜೆ ಕೆಲಸ ಮುಗಿಸಿ, ಎಂದಿನಂತೆ ಟರ್ಮಿನಲ್‌ನಲ್ಲಿ ‘ಮುಗಿಸು’ ಎಂದು ಟೈಪ್ ಮಾಡಿದೆ. ನೀವು ಮಾಡಿಕೊಟ್ಟ ಕಮ್ಯಾಂಡ್ ಮಾಡುವುದನ್ನೆಲ್ಲ ಮಾಡಿತು. ಆ ದಿನ ಜಿಲ್ಲೆಗಳಿಂದ ಬಂದ ಬಾವಿಗಳ ನೀರಿನ ಮಟ್ಟದ ಅಂಕಿಗಳನ್ನು ಎರಡನೆಯ ಡಿಸ್ಕಿಗೆ ನಕಲು ಮಾಡಿತು, ಯಾರೂ ತಿದ್ದದಂತೆ ಫೈಲನ್ನು ಮುಚ್ಚಿತು, ಕೊನೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ತನ್ನ ಕನ್ನಡದ ಸಾಲನ್ನು ತೋರಿಸಿತು: ನಾಳೆ ಸಿಗೋಣ.

ನಾಳೆ ಎಂದರೆ ಗಣರಾಜ್ಯೋತ್ಸವ. ಆಫೀಸಿಗೆ ರಜೆ.

ಮೂರು ವರ್ಷದಲ್ಲಿ ಅದು ಹೀಗೆ ತಪ್ಪಿದ್ದಿಲ್ಲ. ಶುಕ್ರವಾರ ‘ಸೋಮವಾರ ಸಿಗೋಣ’ ಎನ್ನುತ್ತಿತ್ತು. ದೀಪಾವಳಿಯ ಹಿಂದಿನ ದಿನ, ಗುರುನಾನಕ್ ಜಯಂತಿಯ ಹಿಂದಿನ ದಿನ, ಸರಿಯಾಗಿ ರಜೆ ಕಳೆದ ಮೇಲಿನ ದಿನವನ್ನೇ ಹೇಳುತ್ತಿತ್ತು. ಈ ತಿಂಗಳ ಹತ್ತರಂದು, ಬಕ್ರೀದಿನ ಹಿಂದಿನ ದಿನ, ಮೊದಲ ಸಲ ತಪ್ಪು ಹೇಳಿತು. ಒಂದು ಸಲವಾದರೆ ಸುಮ್ಮನಿರಬಹುದು ಅಂದುಕೊಂಡೆ. ಎರಡನೆಯ ಸಲ ತಪ್ಪಿದ್ದರಿಂದ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯವಿದೆ, ಇದಕ್ಕಿಂತ ದೊಡ್ಡದು. ಹಳೆಯ ಮೆಷಿನ್ನಿನಲ್ಲಿ ಜಾಗವಿಲ್ಲವೆಂದು, ಈಗ ಇಲ್ಲಿ ಇಲ್ಲದವರ ಲಾಗಿನ್‌ಗಳನ್ನೂ ಅವರ ಫೋಲ್ಡರ್‌ಗಳನ್ನೂ ಮಾರ್ಚ್ 31ಕ್ಕೆ ಅಳಿಸುತ್ತಾರಂತೆ. ಪಟ್ಟಿಯಲ್ಲಿ ನಿಮ್ಮ ಹೆಸರು ಮೊದಲಿದೆ. ನೀವು ಮಾಡಿಕೊಟ್ಟ ಕಮ್ಯಾಂಡ್‌ಗಳ ಗತಿ ಏನೆಂದು ಕೇಳಿದೆ. ಚಡ್ಡಾಜಿ ಚಹಾ ಕೆಳಗಿಟ್ಟು, “ಹರಿಣೀಜಿ, ಜೋ ಸರ್ಕಾರಿ ನಹೀಂ, ವೋ ಹಟೇಗಾ” ಎಂದರು. ಸರ್ಕಾರದ್ದಲ್ಲದ್ದು ಹೋಗುತ್ತದೆ. ನನಗೆ ಗೊತ್ತಿರುವಂತೆ ಅವು ಹನ್ನೊಂದಿವೆ: ಬಾವಿ, ಹುಡುಕು, ತಿದ್ದು, ಹೋಲಿಸು, ಮುಗಿಸು, ಹೀಗೆ. ದಿನವೂ ಬಳಸುತ್ತೇನೆ. ಎಲ್ಲಿರುತ್ತವೆ, ಒಳಗೆ ಏನಿದೆ ಎಂದು ಒಮ್ಮೆಯೂ ನೋಡಿಲ್ಲ. ಅವು ಉಳಿಯುವ ದಾರಿ ಇದ್ದರೆ ತಿಳಿಸಿ.

ಬಸ್ ಸ್ಟಾಪಿನಲ್ಲಿ ನೀವು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿಲ್ಲ ಎಂಬುದು ನೆನಪಿದೆ. ಈ ಕಾಗದ ಅದಕ್ಕಲ್ಲ.

ಇಂತಿ,
ಹರಿಣಿ


ಜೋಧಪುರ
4 ಫೆಬ್ರವರಿ 2006

ಹರಿಣಿ ಅವರಿಗೆ,

ನಿಮ್ಮ ಕಾಗದ ಗುರುವಾರ ಬಂತು. ಮೊದಲು ಆಫೀಸಿನ ವಿಷಯ.

ಆ ಕಮ್ಯಾಂಡ್‌ಗಳು ನನ್ನ ಫೋಲ್ಡರಿನಲ್ಲಿವೆ. ನೀವು ‘ಮುಗಿಸು’ ಎಂದಾಗ ಮೆಷಿನ್ ಆ ಹೆಸರನ್ನು ಹುಡುಕಿಕೊಂಡು ನನ್ನ ಮನೆಯೊಳಗೆ ಬಂದು, ಅಲ್ಲಿರುವುದನ್ನು ಓಡಿಸುತ್ತದೆ. ನನ್ನ ಲಾಗಿನ್ ಅಳಿಸಿದರೆ ಅವೂ ಹೋಗುತ್ತವೆ. ಇದು ನನ್ನ ತಪ್ಪು. ನಿಮ್ಮ ಫೋಲ್ಡರಿನಲ್ಲಿ ಇಡಬೇಕಿತ್ತು. ಆಗ, ನೀವು ಏನಾದರೂ ಬದಲಾವಣೆ ಕೇಳಿದರೆ ನನ್ನ ಕುರ್ಚಿಯಿಂದಲೇ ಮಾಡಿಬಿಡಬಹುದು, ನಿಮ್ಮನ್ನು ಎಬ್ಬಿಸಬೇಕಿಲ್ಲ ಎಂದು ಹಾಗೆ ಮಾಡಿದೆ. ವರ್ಗವಾಗಿ ಹೋಗುವ ನೌಕರ ಹಾಗೆ ಮಾಡಬಾರದು.

ಉಳಿಸಲು ಎರಡು ದಾರಿಗಳಿವೆ. ಒಂದು, ಇಡೀ ಫೋಲ್ಡರನ್ನು ನಕಲು ಮಾಡಿಕೊಳ್ಳುವುದು. ಒಂದೇ ಸಾಲಿನ ಕೆಲಸ. ಆ ಸಾಲನ್ನು ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಇನ್ನೊಂದು, ನೀವೇ ಮಾಡಿಕೊಳ್ಳುವುದು. ಅದಕ್ಕೆ ಎರಡು ತಿಂಗಳು ಸಾಕು, ನಿಮಗೆ ಅಷ್ಟೂ ಬೇಡ. ನನ್ನ ಸಲಹೆ ಎರಡನೆಯದು. ನನ್ನ ಅಭ್ಯಾಸಗಳು ಅವುಗಳೊಳಗೆ ಸೇರಿಕೊಂಡಿವೆ. ನಿಮಗೆ ಅವು ಬೇಕಿಲ್ಲದಿರಬಹುದು.

ಮೊದಲ ಪಾಠ. ನಿಮ್ಮ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಒಂದು ಫೈಲಿದೆ. ಚುಕ್ಕೆ ಇರುವುದರಿಂದ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ನೀವು ಪ್ರತಿ ಬೆಳಿಗ್ಗೆ ಒಳಗೆ ಬಂದಾಗ ಮೆಷಿನ್ ಮೊದಲು ಓದುವುದು ಅದನ್ನೇ. ಹೆಸರು .bashrc. ಅದರ ಕೊನೆಯಲ್ಲಿ ಈ ಸಾಲು ಸೇರಿಸಿ:

alias bavi='cd /data/bavi'

ಅರ್ಥ: ‘ಬಾವಿ’ ಎಂದರೆ ಬಾವಿಗಳ ಫೋಲ್ಡರಿಗೆ ಹೋಗು. ಉದ್ದದ ಮಾತಿಗೆ ಒಂದು ಗಿಡ್ಡ ಹೆಸರು, ಅಷ್ಟೇ. ಹೆಸರು ನಿಮ್ಮಿಷ್ಟ. ಆದರೆ ಈಗಾಗಲೇ ಮೆಷಿನ್ನಿನಲ್ಲಿರುವ ಹೆಸರನ್ನು ಇಡಬೇಡಿ. type ಎಂದು ಬರೆದು, ಮುಂದೆ ಆ ಹೆಸರು ಬರೆದು ಕೇಳಿದರೆ, ಅದು ಯಾರದು, ಎಲ್ಲಿಯದು ಎಂದು ಹೇಳುತ್ತದೆ.

ಇನ್ನು ಬಸ್ ಸ್ಟಾಪಿನ ವಿಷಯ. ನಾನು ಕೇಳಿದ್ದು ಇಷ್ಟು: ದೆಹಲಿಗೆ ವಾಪಸ್ ಬರಲು ಅರ್ಜಿ ಹಾಕಲೇ? ಆಫೀಸಿಗಾಗಿ ಅಲ್ಲ ಎಂದೂ ಹೇಳಿದ್ದೆ. ಅಷ್ಟರಲ್ಲಿ 620 ಬಂತು. ನೀವು “ಬಸ್ ಬಂತು” ಎಂದಿರಿ. ಅದು ನಿಜವೂ ಆಗಿತ್ತು.

ಈ ಸಲ ವರ್ಗಾವಣೆಯ ಅರ್ಜಿಗೆ ಕೊನೆಯ ದಿನ ಏಪ್ರಿಲ್ 30. ಆಮೇಲೆ ಮೂರು ವರ್ಷ ಕೇಳುವಂತಿಲ್ಲ. ಇದು ಮಾಹಿತಿಗಾಗಿ.

ಇಂತಿ,
ಗುರುರಾಜ


ಆರ್.ಕೆ.ಪುರಂ
12 ಫೆಬ್ರವರಿ 2006, ಭಾನುವಾರ

ಗುರುರಾಜ ಅವರಿಗೆ,

ಬರಲಿಲ್ಲ. ನೀವು ಬರೆದಂತೆಯೇ ಮಾಡಿದೆ. ಮೆಷಿನ್, ‘=’ ಎಂಬುದು ಸಿಗಲಿಲ್ಲ ಎಂದಿತು. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಸಿಗಲಿಲ್ಲ.

ಬುಧವಾರ ಊಟದ ಹೊತ್ತಿನಲ್ಲಿ ಚಡ್ಡಾಜಿ ಹಿಂದೆ ನಿಂತು ನೋಡಿದರು. “ಸುಮ್ಮನೆ ಕಾಪಿ ಮಾಡಿಕೊಳ್ಳಿ, ಗುರುರಾಜ್‌ಜಿ ಏನು ಕೇಸು ಹಾಕುತ್ತಾರಾ?” ಎಂದರು. ನಾನು ಕಲಿಯುತ್ತಿದ್ದೇನೆ ಎಂದೆ. “ಈ ವಯಸ್ಸಿನಲ್ಲಿ?” ಎಂದರು. “ನಿಮ್ಮ ವಯಸ್ಸಿನಲ್ಲಿ ನೀವು ಗಾಲ್ಫ್ ಕಲಿಯಲಿಲ್ಲವೇ?” ಎಂದೆ. ಅವರಿಗೆ ಅದು ಇಷ್ಟವಾಗಲಿಲ್ಲ, ಹೋದರು.

ಕಾಗದದ ಹಿಂಬದಿಯ ಸಾಲನ್ನು ಓದಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿದೆ, ಟೈಪ್ ಮಾಡಲಿಲ್ಲ.

ನಿಮ್ಮ ಕಾಗದ ಬಂದಾಗ ಅಮ್ಮ ಬಾಗಿಲ ಬಳಿ ಬಿಸಿಲಿಗೆ ಕೂತಿದ್ದಳು. ಅಂಚೆಯವನ ಕೈಯಿಂದ ಅವಳೇ ತೆಗೆದುಕೊಂಡಳು.

“ಯಾರದೇ ಇದು?”

“ಆಫೀಸಿಂದು ಅಮ್ಮ.”

“ಆಫೀಸಿನವರು ವಿಳಾಸ ಕೈಯಲ್ಲಿ ಬರೀತಾರಾ ಈಗ?”

“ಕೆಲವರು ಬರೀತಾರೆ.”

“ಕೆಲವರ ಅಕ್ಷರ ಚೆನ್ನಾಗಿದೆ” ಎಂದು ಕೊಟ್ಟುಬಿಟ್ಟಳು. ಆಮೇಲೆ ಕೇಳಲಿಲ್ಲ. ಕೇಳದಿದ್ದಾಗಲೇ ಅವಳ ಬಗ್ಗೆ ನನಗೆ ಭಯ.

ಮೊನ್ನೆ ಮೊಹರಂನ ಹಿಂದಿನ ಸಂಜೆಯೂ ಅದು ‘ನಾಳೆ ಸಿಗೋಣ’ ಎಂದಿತು.

ಹರಿಣಿ


ಜೋಧಪುರ
21 ಫೆಬ್ರವರಿ 2006

ಹರಿಣಿ ಅವರಿಗೆ,

ನೀವು ‘=’ ಗುರುತಿನ ಎರಡೂ ಕಡೆ ಜಾಗ ಬಿಟ್ಟಿದ್ದೀರಿ. ಸರ್ಕಾರಿ ಟಿಪ್ಪಣಿ ಟೈಪ್ ಮಾಡಿದ ಕೈಗಳು ಹಾಗೆಯೇ ಮಾಡುತ್ತವೆ. ಜಾಗ ಬಿಟ್ಟರೆ ಮೆಷಿನ್ ಅದನ್ನು ಬೇರೆಯೇ ಮಾತು ಎಂದುಕೊಳ್ಳುತ್ತದೆ. ಎರಡನ್ನೂ ಅಂಟಿಸಿ ಬರೆಯಿರಿ. ಇನ್ನು ಮುಂದೆ ಜಾಗ ಬೇಕಾದಲ್ಲಿ ನಾನು ಕೆಂಪು ಮಸಿಯಲ್ಲಿ ಸಣ್ಣ ಚೌಕ ಹಾಕುತ್ತೇನೆ. ಚೌಕ ಇಲ್ಲದಲ್ಲಿ ಜಾಗವಿಲ್ಲ.

ಎರಡನೆಯ ಪಾಠ. ‘ಬಾವಿ’ಯಂಥದ್ದಕ್ಕೆ ಗಿಡ್ಡ ಹೆಸರು ಸಾಕು. ‘ಮುಗಿಸು’ ಹಾಗಲ್ಲ. ಅದು ಒಂದರ ಹಿಂದೆ ಒಂದು ಎಂಟು ಕೆಲಸ ಮಾಡುತ್ತದೆ. ಅಂಥದ್ದನ್ನು ಬೇರೆ ಫೈಲಿನಲ್ಲಿ ಸಾಲುಸಾಲಾಗಿ ಬರೆದಿಡಬೇಕು. ಫೈಲಿನ ಹೆಸರೇ ಕಮ್ಯಾಂಡಿನ ಹೆಸರು. ಹೀಗೆ ಮಾಡಿ. ನಿಮ್ಮ ಫೋಲ್ಡರಿನೊಳಗೆ bin ಎಂಬ ಫೋಲ್ಡರ್ ಮಾಡಿ ಫೈಲನ್ನು ಅದರಲ್ಲಿ ಇಡಿ. ಆಮೇಲೆ ಆ ಫೈಲಿಗೆ ಓಡುವ ಅನುಮತಿ ಕೊಡಿ:

chmod +x mugisu

ಕೊನೆಯದಾಗಿ, ನಿಮ್ಮ bin ಎಲ್ಲಿದೆ ಎಂದು ಮೆಷಿನ್ನಿಗೆ ಹೇಳಿ. ಅದಕ್ಕೆ PATH ಎಂಬ ಒಂದು ಸಾಲಿದೆ, ನಿಮ್ಮ .bashrcಯಲ್ಲಿಯೇ. ಅದರಲ್ಲಿ ಈಗ ನನ್ನ ಫೋಲ್ಡರಿನ ಹೆಸರಿದೆ. ನಾನು ಸೇರಿಸಿದ್ದು. ಮೆಷಿನ್ ಎಡದಿಂದ ಬಲಕ್ಕೆ ಹುಡುಕಿಕೊಂಡು ಹೋಗುತ್ತದೆ. ಒಂದೇ ಹೆಸರಿನ ಎರಡು ಕಮ್ಯಾಂಡ್ ಇದ್ದರೆ ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ, ಎರಡನೆಯದನ್ನು ನೋಡುವುದೇ ಇಲ್ಲ. ಆದ್ದರಿಂದ ನಿಮ್ಮದನ್ನು ನನ್ನದಕ್ಕಿಂತ ಮುಂದೆ ಹಾಕಿ. ಹಿಂದೆ ಹಾಕಿದರೆ ನನ್ನದು ಇರುವವರೆಗೂ ನಿಮ್ಮದು ಓಡುವುದಿಲ್ಲ.

ಕಳೆದ ವಾರ ಸರ್ವೆಯವರ ಜೊತೆ ಬಾವಿ ಅಳೆಯಲು ಹೋಗಿದ್ದೆ. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ ಇಳಿಸುತ್ತಾರೆ. ಮೇಲೆಳೆದಾಗ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ನೋಡಿ, ಲೆಕ್ಕ ಹಾಕಿ ಬರೆದುಕೊಳ್ಳುತ್ತಾರೆ. ಒಂದು ಹಳ್ಳಿಯಲ್ಲಿ ಟೇಪು ಇಳಿಯುತ್ತಲೇ ಹೋಯಿತು. ನಲವತ್ತೊಂದು ಮೀಟರ್. ಈ ಜಿಲ್ಲೆಯ ಅಂಕಿಗಳಿಗೆ ನೀವು ‘ದಯವಿಟ್ಟು ಪರಿಶೀಲಿಸಿ’ ಎಂದು ಸುತ್ತು ಹಾಕಿ ಕಳಿಸುತ್ತಿದ್ದಿರಲ್ಲ, ಹನ್ನೆರಡು ಸಲವಾದರೂ ಕಳಿಸಿದ್ದೀರಿ. ಅವು ಸರಿಯಾಗಿದ್ದವು. ಸರ್ವೆಯ ಬಸಪ್ಪನವರು ಗದಗದವರು, ಇಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ. “ಆ ದಿಲ್ಲಿ ಹೆಣ್ಣುಮಗಳು ನಮ್ಮ ಬಾವಿ ಇಷ್ಟು ಆಳಾನೇ ಇರಬಾರದು ಅಂತಾಳ್ರೀ” ಎಂದು ನಗುತ್ತಾರೆ. ನಿಮಗೆ ತಿಳಿಸಲು ಹೇಳಿದರು.

ಇಲ್ಲಿ ಕನ್ನಡ ಮಾತಾಡಲು ಅವರೊಬ್ಬರು. ಭಾನುವಾರ ರೊಟ್ಟಿ ಊಟಕ್ಕೆ ಕರೆಯುತ್ತಾರೆ. ಉಳಿದ ದಿನ ಓದುತ್ತೇನೆ. ದೆಹಲಿಯ ಕನ್ನಡ ಸಂಘದ ಲೈಬ್ರರಿಯಿಂದ ತಂದ ಆ ರಷ್ಯನ್ ಕಾದಂಬರಿಯ ಕನ್ನಡ ಅನುವಾದವನ್ನು ಹಿಂತಿರುಗಿಸದೆ ಬಂದಿದ್ದೇನೆ. ನಿಮ್ಮ ಕಾರ್ಡಿನ ಮೇಲೆ ತಂದದ್ದು. ಲೈಬ್ರರಿಯವರು ಕೇಳಿದರೆ ನನ್ನ ಹೆಸರು ಹೇಳಿ.

ಇಂತಿ,
ಗುರುರಾಜ


ಆರ್.ಕೆ.ಪುರಂ
6 ಮಾರ್ಚ್ 2006

ಗುರುರಾಜ ಅವರೇ,

ಬಸಪ್ಪನವರಿಗೆ ನನ್ನ ಕ್ಷಮೆ ತಿಳಿಸಿ. ಹನ್ನೆರಡಲ್ಲ, ಹದಿನಾಲ್ಕು ಸಲ. ಫೈಲು ತೆಗೆದು ನೋಡಿದೆ.

ಚೌಕಗಳು ಉಪಯೋಗಕ್ಕೆ ಬಂದವು. ಬಾವಿ, ಹುಡುಕು, ತಿದ್ದು ಈಗ ನನ್ನವು. ‘ಹೋಲಿಸು’ ಬರೆಯಲು ಒಂದು ವಾರ ಹಿಡಿಯಿತು. ನಿಮ್ಮದಕ್ಕಿಂತ ನಿಧಾನ, ಆದರೆ ಎರಡು ವರ್ಷದ ಅಂಕಿಗಳನ್ನು ಅಕ್ಕಪಕ್ಕ ತೋರಿಸುತ್ತದೆ. ನಿಮ್ಮದು ತೋರಿಸುತ್ತಿರಲಿಲ್ಲ. ಅನುಮತಿ ಕೊಡುವುದನ್ನು ಎರಡು ಸಲ ಮರೆತೆ. ನಾನೇ ಬರೆದ ಫೈಲು, ನನ್ನದೇ ಫೋಲ್ಡರು, ಆದರೂ ‘ಅನುಮತಿ ಇಲ್ಲ’ ಎನ್ನುತ್ತದೆ. ಹದಿನೆಂಟು ವರ್ಷ ಸರ್ಕಾರಿ ನೌಕರಿ ಮಾಡಿದವಳಿಗೆ ಇದು ಹೊಸದಾಗಬಾರದಿತ್ತು.

ಒಂದು ತಪ್ಪೂ ಮಾಡಿದೆ. ಪ್ರಯೋಗಕ್ಕೆಂದು ಬರೆದ ಮೊದಲ ಫೈಲಿಗೆ test ಎಂದು ಹೆಸರಿಟ್ಟೆ. ಟೈಪ್ ಮಾಡಿದರೆ ಏನೂ ಆಗದು. ತಪ್ಪು ಎಂದೂ ಹೇಳದು, ಸರಿ ಎಂದೂ ಹೇಳದು, ಸುಮ್ಮನೆ ಮುಂದಿನ ಸಾಲಿಗೆ ಬರುತ್ತದೆ. ಅರ್ಧ ದಿನ ಹೋಯಿತು. ಆಮೇಲೆ ನಿಮ್ಮ ಮಾತು ನೆನಪಾಗಿ type ಎಂದು ಕೇಳಿದೆ. ಆ ಹೆಸರಿನವನು ಒಳಗೆ ಮೊದಲಿನಿಂದಲೇ ಒಬ್ಬ ಇದ್ದನಂತೆ.

‘ಮುಗಿಸು’ ಬರೆಯುವ ಮೊದಲು ನಿಮ್ಮದನ್ನು ತೆರೆದು ನೋಡಿದೆ. ಮೂರು ವರ್ಷ ದಿನವೂ ಹೆಸರು ಹಿಡಿದು ಕರೆದ ಮೇಲೆ, ಒಳಗೆ ನೋಡಿದ್ದು ಇದೇ ಮೊದಲು. ಬಹುಪಾಲು ಅರ್ಥವಾಯಿತು. ಅದು ಇನ್ನೊಂದು ಫೈಲನ್ನು ಓದುತ್ತದೆ, ‘ರಜೆ’ ಎಂಬುದು. ನಾಳಿನ ತಾರೀಖು ಅದರಲ್ಲಿದ್ದರೆ ಅದನ್ನು ಬಿಟ್ಟು ಮುಂದಿನ ದಿನಕ್ಕೆ ಹೋಗುತ್ತದೆ. ಡಿಸೆಂಬರಿನಲ್ಲಿ ಬರುವ ರಜಾ ಸುತ್ತೋಲೆಯನ್ನು ನೋಡಿ ನೀವು ಪ್ರತಿ ವರ್ಷ ಆ ಪಟ್ಟಿಯನ್ನು ತುಂಬುತ್ತಿದ್ದಿರಿ. 2006ರದು ತುಂಬುವವರಿರಲಿಲ್ಲ. ಆದ್ದರಿಂದ ಬಕ್ರೀದು, ಗಣರಾಜ್ಯೋತ್ಸವ ಅದಕ್ಕೆ ತಿಳಿಯಲಿಲ್ಲ. ಇಲ್ಲಿಗೆ ನನ್ನ ಮೊದಲ ಕಾಗದದ ಪ್ರಶ್ನೆ ಮುಗಿಯಿತು.

ಆದರೆ 2005ರ ಪಟ್ಟಿಯನ್ನು ಸುತ್ತೋಲೆಯ ಪಕ್ಕದಲ್ಲಿಟ್ಟು ತಾಳೆ ನೋಡಿದೆ. ಅದು ನನ್ನ ಅಭ್ಯಾಸ, ನಿಮಗೆ ಗೊತ್ತು. ಪಟ್ಟಿಯಲ್ಲಿ ಐದು ದಿನ ಹೆಚ್ಚಿಗೆ ಇವೆ. ಫೆಬ್ರವರಿ 22, 23, 24. ಮೇ 9. ಜೂನ್ 17. ಯಾವ ಸುತ್ತೋಲೆಯಲ್ಲೂ ಇಲ್ಲದ ರಜೆಗಳು.

ಆ ಫೆಬ್ರವರಿ ನನಗೆ ನೆನಪಿದೆ. ಸೋಮವಾರ ಸಂಜೆ ಅದು ‘ಶುಕ್ರವಾರ ಸಿಗೋಣ’ ಎಂದಿತ್ತು. ಕೆಟ್ಟಿದೆ ಅಂದುಕೊಂಡು ನಿಮಗೆ ಹೇಳಿದ್ದೆ. “ಆಮೇಲೆ ನೋಡುತ್ತೇನೆ” ಎಂದು ಹೋದಿರಿ. ಮಂಗಳವಾರ ಬೆಳಿಗ್ಗೆ ನೀವು ಬರಲಿಲ್ಲ. ನಿಮ್ಮ ಅಣ್ಣನ ಮನೆಗೆ ಹೋಗಿದ್ದಿರಿ. ಶುಕ್ರವಾರ ಬಂದಿರಿ.

ಹಾಜರಿ ಪುಸ್ತಕ ತೆಗೆಸಿದೆ. ಮೇ 9, ಜೂನ್ 17. ಆ ದಿನಗಳಲ್ಲಿಯೂ ನಿಮ್ಮ ಹೆಸರಿನ ಮುಂದೆ ರಜೆ ಎಂದಿದೆ.

ಅದು ಆಫೀಸು ತೆರೆಯುವ ದಿನವನ್ನು ಹೇಳುತ್ತಿದೆ ಎಂದು ನಾನು ತಿಳಿದಿದ್ದೆ.

ಒಂದು ಪ್ರಶ್ನೆ. ನಿಮ್ಮ ಕೊನೆಯ ದಿನ ಕಳೆದ ಜುಲೈ 29, ಶುಕ್ರವಾರ. ಈ ಲೆಕ್ಕದಲ್ಲಿ ಅದರ ಮುಂದಿನ ಎಲ್ಲ ದಿನಗಳೂ ಪಟ್ಟಿಯಲ್ಲಿರಬೇಕಿತ್ತು. ಒಂದೂ ಇಲ್ಲ. ಆಗಸ್ಟಿನಿಂದ ಇವತ್ತಿನವರೆಗೆ ಅದು ಪ್ರತಿ ಸಂಜೆ ‘ನಾಳೆ ಸಿಗೋಣ’ ಎನ್ನುತ್ತಿದೆ. ನೀವು ಮರೆತಿರಾ?

ಹರಿಣಿ

ನನ್ನ bin ಅನ್ನು ನಿಮ್ಮದರ ಮುಂದೆ ಹಾಕಿಲ್ಲ, ಹಿಂದೆ ಹಾಕಿದ್ದೇನೆ. ನನ್ನ ‘ಮುಗಿಸು’ ಸಿದ್ಧವಾಗಿದ್ದರೂ ನಿಮ್ಮದು ಇರುವವರೆಗೆ ನಿಮ್ಮದೇ ಓಡಲಿ.


ಜೋಧಪುರ
14 ಮಾರ್ಚ್ 2006

ಹರಿಣಿ,

ಮರೆಯಲಿಲ್ಲ.

ಜುಲೈ 29ರ ಮಧ್ಯಾಹ್ನ ‘ಮುಗಿಸು’ ಫೈಲನ್ನು ತೆರೆದೆ. ನೀವು ಆಗ ಎದುರಿನ ಮೇಜಿನಲ್ಲಿ ಚಡ್ಡಾಜಿಯವರಿಗೆ ತ್ರೈಮಾಸಿಕ ವರದಿ ಓದಿ ಹೇಳುತ್ತಿದ್ದಿರಿ. ದಿನಗಳನ್ನೆಲ್ಲ ಸೇರಿಸಬೇಕಾಗಿರಲಿಲ್ಲ. ‘ಸಿಗೋಣ’ ಎನ್ನುವ ಆ ಒಂದು ಸಾಲನ್ನು ಅಳಿಸಿದ್ದರೂ ಸಾಕಿತ್ತು, ಏನೂ ಹೇಳದೆ ಮುಗಿಯುತ್ತಿತ್ತು. ಸ್ವಲ್ಪ ಹೊತ್ತು ಫೈಲನ್ನು ತೆರೆದಿಟ್ಟುಕೊಂಡಿದ್ದೆ. ಆಮೇಲೆ ಏನನ್ನೂ ಬದಲಿಸದೆ ಮುಚ್ಚಿದೆ.

ಆ ಮೆಷಿನ್ನಿನಲ್ಲಿ ನಾನು ತಿಳಿದೂ ಬಿಟ್ಟ ಸುಳ್ಳು ಅದೊಂದೇ. 31ಕ್ಕೆ ಹೇಗೂ ಹೋಗುತ್ತದೆ.

ನಾಳೆ ಹೋಳಿ. ಬಸಪ್ಪನವರು ಬಣ್ಣ ತಂದಿಟ್ಟಿದ್ದಾರೆ. ನಾನು ಬಾಗಿಲು ಹಾಕಿಕೊಂಡು ಇರುತ್ತೇನೆ ಎಂದು ಅವರಿಗೆ ಇನ್ನೂ ಹೇಳಿಲ್ಲ.

ಗುರುರಾಜ


ಆರ್.ಕೆ.ಪುರಂ
22 ಮಾರ್ಚ್ 2006

ಗುರುರಾಜ ಅವರಿಗೆ ಲೀಲಮ್ಮ ಮಾಡುವ ಆಶೀರ್ವಾದಗಳು.

ನಾನು ಹರಿಣಿಯ ತಾಯಿ. ನೀವು ಒಮ್ಮೆ ನಮ್ಮ ಮನೆಗೆ ಬಂದಿದ್ದಿರಿ, ಮೂರು ಚಿರೋಟಿ ತಿಂದಿರಿ, ನಾಲ್ಕನೆಯದು ಬೇಡ ಎಂದಿರಿ. ನೀನು ಎನ್ನುವ ವಯಸ್ಸು ನನಗಿದೆ. ಆದರೆ ಇದು ಮೊದಲ ಕಾಗದ, ಆದ್ದರಿಂದ ಸದ್ಯಕ್ಕೆ ನೀವು.

ನಿಮ್ಮ ಕಾಗದ ಶನಿವಾರ ಬಂತು. ನಾನು ತೆರೆದಿಲ್ಲ. ಅವಳು ಅಡುಗೆಮನೆಯಲ್ಲಿ ನಿಂತು ಓದಿದಳು. ಆಮೇಲೆ ಅನ್ನಕ್ಕೆ ಎರಡು ಸಲ ನೀರಿಟ್ಟಳು. ಕಾಗದ ಈಗ ನಿಘಂಟಿನೊಳಗಿದೆ. ದಿನಕ್ಕೆ ಮೂರು ಸಲ ನಿಘಂಟು ತೆಗೆಯುತ್ತಾಳೆ. ಇಷ್ಟು ಕಷ್ಟದ ಪದಗಳು ಈ ಮನೆಯಲ್ಲಿ ಹಿಂದೆ ಇರಲಿಲ್ಲ.

ಏನಿದೆ ಎಂದು ಕೇಳಿದೆ. ಹೇಳಿದಳು. ಪೂರ್ತಿ ಹೇಳಿದಳೋ ಇಲ್ಲವೋ ಗೊತ್ತಿಲ್ಲ. ನೀವು ಕಂಪ್ಯೂಟರಿನ ಯಾವುದೋ ಸಾಲು ಅಳಿಸಲಿಲ್ಲ ಎಂದಳು. ಅದಕ್ಕೆ ಯಾಕೆ ಅಳುತ್ತೀ ಎಂದೆ. ಅಳುತ್ತಿಲ್ಲ ಎಂದಳು. ಸರಿ ಎಂದೆ. ಆಮೇಲೆ ಬಸ್ ಸ್ಟಾಪಿನ ವಿಷಯವೂ ಬಂತು. ಎಂಟು ತಿಂಗಳಿಂದ ಉತ್ತರ ಕೊಟ್ಟಿಲ್ಲವಂತೆ. “ನಿನ್ನ ಮಂಡಿ ಹೀಗಿರುವಾಗ ನಾನು ಏನು ಹೇಳಲಿ ಅಮ್ಮ” ಎಂದಳು.

ನನಗೆ ಬಂದ ಸಿಟ್ಟನ್ನು ಈ ಕಾಗದದಲ್ಲಿ ಬರೆಯುವುದಿಲ್ಲ. ಅವಳಿಗೆ ಈಗ ನಲವತ್ತೊಂದು. ಮೊದಲು ಬಂದ ಎರಡು ಸಂಬಂಧ ವಾಪಸ್ ಹೋದವು, ಬಡ್ತಿಯ ಮೇಲೆ ಕಲ್ಕತ್ತಕ್ಕೆ ಹೋಗಲಿಲ್ಲ, ಗೆಳತಿಯರ ಜೊತೆ ಹರಿದ್ವಾರಕ್ಕೂ ಹೋಗಲಿಲ್ಲ. ಎಲ್ಲಕ್ಕೂ ನನ್ನ ಮಂಡಿಯೇ ಕಾರಣ. ನನ್ನ ಮಂಡಿಗೆ ಇಷ್ಟು ಮರ್ಯಾದೆ ಡಾಕ್ಟರೂ ಕೊಟ್ಟಿಲ್ಲ. ನೀವು ದಿಲ್ಲಿಗೆ ಬರುತ್ತೇನೆ ಎಂದು ಕೇಳಿದ್ದಲ್ಲವೇ? ಅವಳನ್ನು ಅಲ್ಲಿಗೆ ಕರೆದಿಲ್ಲವಲ್ಲ? ಇದರಲ್ಲಿ ನನ್ನ ಮಂಡಿ ಎಲ್ಲಿ ಬಂತು ಎಂದು ಕೇಳಿದೆ. ಅವಳಿಗೆ ಭಯ, ಅಷ್ಟೇ. ಏನು ಕೊಟ್ಟರೂ ತಾಳೆ ನೋಡುವವಳು. ಇದಕ್ಕೆ ತಾಳೆ ನೋಡಲು ಪಕ್ಕದಲ್ಲಿ ಇಡುವಂಥದ್ದು ಏನೂ ಸಿಗುತ್ತಿಲ್ಲ.

ದಿಲ್ಲಿಯದೇ ಇನ್ನೊಂದು ತುದಿಯ ರೋಹಿಣಿ ಬಡಾವಣೆಯಲ್ಲಿರುವ ನನ್ನ ಮಗ ಪೃಥ್ವಿಗೆ ಫೋನು ಮಾಡಿದ್ದೇನೆ, ಏಪ್ರಿಲಿನಲ್ಲಿ ಮೂರು ದಿನ ಬಂದಿರುತ್ತೇನೆ ಎಂದು. “ಕ್ಯಾ ಹುವಾ ದಾದಿ, ಆಪ್ ಆ ರಹೇ ಹೋ?” ಎಂದು, ಅಜ್ಜಿ ತಾನಾಗಿ ಬರುತ್ತಾಳೆಂದರೆ ಮೊಮ್ಮಗಳಿಗೆ ಆಶ್ಚರ್ಯ. ಅವರ ಮನೆಯಲ್ಲಿ ಬೆಳಗಿನಿಂದ ಟಿವಿ ಹಾಕಿರುತ್ತಾರೆ, ಸಾರಿಗೆ ಸಕ್ಕರೆ ಹಾಕುತ್ತಾರೆ. ಮೂರು ದಿನ ತಡೆಯಬಲ್ಲೆ.

ನಾನು ಬರೆದದ್ದು ಅವಳಿಗೆ ತಿಳಿಯಬೇಕಿಲ್ಲ. ಈ ಕಾಗದಕ್ಕೆ ಉತ್ತರವೂ ಬೇಡ. ಅರ್ಜಿಯ ಫಾರಂ ಮಾತ್ರ ಹರಿಯಬೇಡಿ.

ಲೀಲಮ್ಮ

ವಿಳಾಸವನ್ನು ನಿಮ್ಮ ಕವರಿನ ಹಿಂಬದಿಯಿಂದ ನೋಡಿ ಬರೆದಿದ್ದೇನೆ. ನಿಮ್ಮ ಅಕ್ಷರ ನಿಜಕ್ಕೂ ಚೆನ್ನಾಗಿದೆ.


ಆರ್.ಕೆ.ಪುರಂ
3 ಏಪ್ರಿಲ್ 2006, ಸೋಮವಾರ

ಗುರುರಾಜ ಅವರೇ,

ನಿಮ್ಮ ಕಾಗದಕ್ಕೆ ಬೇಗ ಬರೆಯಲಿಲ್ಲ. ಮೂರು ಸಲ ಶುರು ಮಾಡಿದೆ. ಬರೆದದ್ದು ಯಾವುದೂ ನಿಮ್ಮ ‘ಮರೆಯಲಿಲ್ಲ’ದಷ್ಟು ಸರಿಯಾಗಿರಲಿಲ್ಲ.

ನಿಮ್ಮ ಲಾಗಿನ್ ಶುಕ್ರವಾರ ಸಂಜೆ ಹೋಯಿತು. ನಾಲ್ಕು ಗಂಟೆಗೆ ಅಳಿಸುತ್ತಾರೆ ಎಂದಿದ್ದರು. ಮೂರೂವರೆಗೆ, ಕೆಲಸ ಮುಗಿಯದಿದ್ದರೂ, ‘ಮುಗಿಸು’ ಎಂದು ಟೈಪ್ ಮಾಡಿದೆ. ಅದು ‘ಸೋಮವಾರ ಸಿಗೋಣ’ ಎಂದಿತು. ಮತ್ತೊಂದು ಸಲ ಮಾಡಿದೆ. ಹಾಗೆಯೇ ಹೇಳಿತು. ಮೂರನೆಯ ಸಲ ಮಾಡುತ್ತಿದ್ದೆನೋ ಏನೋ, ಚಡ್ಡಾಜಿ ಹಿಂದೆ ಬಂದು ನಿಂತಿದ್ದರು. ಅವರು ಪರದೆಯನ್ನು ಓದಿದರು. ಇಂಗ್ಲಿಷ್ ಅಕ್ಷರವಾದರೂ ಕನ್ನಡ. “ಏನು ಬರೆದಿದೆ?” ಎಂದರು. ಹೇಳಿದೆ. ಇಷ್ಟು ವರ್ಷ ದಿನವೂ ಇದನ್ನೇ ಹೇಳುತ್ತಿತ್ತೇ ಎಂದು ಕೇಳಿದರು. ಹೌದು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಕಾಪಿ ಕರ್ ಲೀಜಿಯೇ, ಹರಿಣೀಜಿ. ಇನ್ನೂ ಅರ್ಧ ಗಂಟೆ ಇದೆ” ಎಂದರು. ಈ ಸಲ ತಮಾಷೆಗೆ ಹೇಳಿದ್ದಲ್ಲ.

ನಾನು ನಕಲು ಮಾಡಿಕೊಳ್ಳಲಿಲ್ಲ. ರಜೆಯ ಪಟ್ಟಿಯನ್ನೂ ತೆಗೆದುಕೊಳ್ಳಲಿಲ್ಲ. ಆ ಐದು ದಿನಗಳು ನನಗೆ ಬಾಯಿಗೆ ಬರುತ್ತವೆ.

ನಾಲ್ಕೂಕಾಲಕ್ಕೆ type mugisu ಎಂದು ಕೇಳಿದೆ. ಹಳೆಯ ವಿಳಾಸವನ್ನೇ ಹೇಳಿತು, ನಿಮ್ಮ ಫೋಲ್ಡರಿನದು. ಓಡಿಸಿದರೆ ಅಲ್ಲಿ ಅಂಥದ್ದೇನೂ ಇಲ್ಲ ಎಂದಿತು. ಆಮೇಲೆ ತಿಳಿಯಿತು, ಮೆಷಿನ್ ಒಮ್ಮೆ ಹೋದ ದಾರಿಯನ್ನು ನೆನಪಿಟ್ಟುಕೊಂಡಿರುತ್ತದೆ, ಮನೆ ಹೋದರೂ ಅಲ್ಲಿಗೇ ಹೋಗುತ್ತದೆ. ಇದನ್ನು ನೀವು ಪಾಠದಲ್ಲಿ ಬರೆದಿರಲಿಲ್ಲ. ಒಮ್ಮೆ ಹೊರಗೆ ಹೋಗಿ ಮತ್ತೆ ಲಾಗಿನ್ ಆಗಿ ಒಳಗೆ ಬಂದೆ. ಈ ಸಲ ನನ್ನ ಫೋಲ್ಡರಿನ ವಿಳಾಸ ಹೇಳಿತು.

ನನ್ನ ‘ಮುಗಿಸು’ ಬಗ್ಗೆ ನಿಮಗೆ ಹೇಳಬೇಕು. ಮೊದಲ ಏಳು ಕೆಲಸ ನಿಮ್ಮದರಂತೆಯೇ ಇವೆ. ಎಂಟನೆಯದನ್ನು ಬದಲಿಸಿದ್ದೇನೆ. ಅದು ರಜೆಯ ಪಟ್ಟಿಯನ್ನು ನೋಡುವುದಿಲ್ಲ. ‘ಭೇಟಿ’ ಎಂಬ ಬೇರೆ ಫೈಲು ಮಾಡಿದ್ದೇನೆ. ನಾವಿಬ್ಬರೂ ನಿಜಕ್ಕೂ ಒಂದೇ ಊರಿನಲ್ಲಿ ಇರುವ ದಿನಗಳನ್ನು ಮಾತ್ರ ಅದರಲ್ಲಿ ಬರೆಯಬೇಕು. ಕಮ್ಯಾಂಡ್ ಆ ಫೈಲಿನಲ್ಲಿ ಮುಂದೆ ಬರುವ ಮೊದಲ ದಿನವನ್ನು ಹುಡುಕಿ ಹೇಳುತ್ತದೆ. ದಿನ ಇಲ್ಲದಿದ್ದರೆ ಏನೂ ಹೇಳದೆ ಮುಗಿಸುತ್ತದೆ. ಕಳೆದ ಶುಕ್ರವಾರ ಫೈಲು ಖಾಲಿ ಇತ್ತು. ಅಂಕಿಗಳನ್ನು ನಕಲು ಮಾಡಿತು, ಫೈಲು ಮುಚ್ಚಿತು, ಸುಮ್ಮನಾಯಿತು. ಎದ್ದು ಬಸ್ ಸ್ಟಾಪಿಗೆ ಬಂದೆ. 620 ಬಂತು, ಹೋಯಿತು. ಹತ್ತಲಿಲ್ಲ. ಮನೆಗೆ ನಡೆದುಕೊಂಡೇ ಹೋದೆ.

ಮನೆಯಲ್ಲಿ ಅಮ್ಮ, “ಮೂರು ದಿನ ಪೃಥ್ವಿಯ ಮನೆಗೆ ಹೋಗುತ್ತೇನೆ, ಹದಿಮೂರಕ್ಕೆ ಕರೆದುಕೊಂಡು ಹೋಗಲು ಬರುತ್ತಾನೆ” ಎಂದಳು. ರೋಹಿಣಿ ನಿನಗೆ ಆಗುವುದಿಲ್ಲವಲ್ಲ ಎಂದೆ. “ಆಗದಿದ್ದರೇನು, ಮಂಡಿಗೆ ಲಿಫ್ಟ್ ಇದೆ” ಎಂದಳು. “ನಾನೊಂದು ಕಾಗದ ಹಾಕಿದ್ದೇನೆ, ಯಾರಿಗೆ ಎಂದು ಕೇಳಬೇಡ” ಎಂದೂ ಹೇಳಿದಳು.

ಏಪ್ರಿಲ್ 14 ಶುಕ್ರವಾರ, ಗುಡ್ ಫ್ರೈಡೆ. ಅದು ಸುತ್ತೋಲೆಯಲ್ಲಿರುವ ರಜೆ. ಅದರ ಮುಂದಿನ ಶನಿವಾರ, ಭಾನುವಾರ ಹೇಗೂ ಇವೆ. ಸೋಮವಾರಕ್ಕೆ ಒಂದು ದಿನದ ರಜೆ ಬರೆದುಕೊಟ್ಟಿದ್ದೇನೆ. ಚಡ್ಡಾಜಿ ಏನೂ ಕೇಳದೆ ಸಹಿ ಹಾಕಿದರು. ಹದಿನೆಂಟು ವರ್ಷದಲ್ಲಿ ಅವರು ಕೇಳದೆ ಸಹಿ ಹಾಕಿದ್ದು ಇದೊಂದೇ ಕಾಗದ. ಗುರುವಾರ ರಾತ್ರಿಯ ಮಂಡೋರ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಆಗಿದೆ. ಜೋಧಪುರಕ್ಕೆ ಬೆಳಿಗ್ಗೆ ಎಂಟರ ಹೊತ್ತಿಗೆ ಬರುತ್ತದಂತೆ. ಬಸಪ್ಪನವರ ಮನೆಯಲ್ಲಿ ನಾನು ಉಳಿದುಕೊಳ್ಳಬಹುದೇ ಎಂದು ಕೇಳಿ ನೋಡಿ. ಆ ನಲವತ್ತೊಂದು ಮೀಟರ್ ಬಾವಿಯನ್ನು ನಾನು ನೋಡಬೇಕು. ಟೇಪು ನಾನೇ ಇಳಿಸುತ್ತೇನೆ.

ವರ್ಗಾವಣೆಯ ಅರ್ಜಿಯ ಫಾರಂ ನಮ್ಮ ಸೆಕ್ಷನ್ನಿನಲ್ಲಿತ್ತು. ಅಲ್ಲಿ ನಿಮ್ಮ ಹತ್ತಿರವೂ ಇರಬಹುದು, ಆದರೂ ಒಂದು ತರುತ್ತಿದ್ದೇನೆ. ನಿಮ್ಮ ಹೆಸರು, ಹುದ್ದೆ, ಸೇವೆಗೆ ಸೇರಿದ ದಿನ, ಬಯಸುವ ಸ್ಥಳ, ಎಲ್ಲ ಟೈಪ್ ಮಾಡಿದ್ದೇನೆ. ತಾಳೆ ನೋಡಿದ್ದೇನೆ, ತಪ್ಪಿಲ್ಲ. ಬಯಸುವ ಸ್ಥಳ ನವದೆಹಲಿ ಎಂದು ಹಾಕಿದ್ದೇನೆ. ನಿಮ್ಮನ್ನು ಕೇಳದೆ ಹಾಕಿದೆ. ಏಕೆಂದರೆ ನೀವು ಕೇಳಿದ್ದಕ್ಕೆ ನನ್ನ ಉತ್ತರ ಅದು. ಸಹಿಯ ಜಾಗ ಬಿಟ್ಟಿದ್ದೇನೆ. ಒಂಬತ್ತನೆಯ ಅಂಕಣವನ್ನೂ ಬಿಟ್ಟಿದ್ದೇನೆ, ‘ಕೋರಿಕೆಗೆ ಕಾರಣ’ ಎಂಬುದು. ಅಲ್ಲಿ ಏನು ಬರೆಯಬೇಕೆಂದು ಗೊತ್ತು, ಒಬ್ಬಳೇ ಟೈಪ್ ಮಾಡಲು ಆಗಲಿಲ್ಲ.

ಲೈಬ್ರರಿಯ ಪುಸ್ತಕ ಕೈಗೆ ಸಿಗುವಂತೆ ಇಡಿ, ವಾಪಸ್ ಬರುವಾಗ ತೆಗೆದುಕೊಂಡು ಬರುತ್ತೇನೆ. ದಾರಿಯಲ್ಲಿ ಓದಲೂ ಆಯಿತು.

ಇವತ್ತು ಬೆಳಿಗ್ಗೆ ಆಫೀಸಿಗೆ ಹೋದ ತಕ್ಷಣ ‘ಭೇಟಿ’ಯಲ್ಲಿ ಮೊದಲ ಸಾಲು ಬರೆದೆ. ಆ ಫೈಲಿನಲ್ಲಿ ಸದ್ಯಕ್ಕೆ ಅದೊಂದೇ ದಿನ ಇದೆ. ಐದೂವರೆಗೆ ‘ಮುಗಿಸು’ ಎಂದೆ. ‘ಶುಕ್ರವಾರ ಹದಿನಾಲ್ಕಕ್ಕೆ ಸಿಗೋಣ’ ಎಂದಿತು.

ಅಲ್ಲಿಯವರೆಗೆ ಪ್ರತಿ ಸಂಜೆ ಅದನ್ನೇ ಹೇಳುತ್ತದೆ. ಸ್ಟೇಷನ್ನಿಗೆ ಬನ್ನಿ.

ಹರಿಣಿ